ಚಿತ್ರದ ನೆಲೆ ಮತ್ತು ಕರ್ತೃತ್ವದ ಪ್ರಶ್ನೆ

ಗ್ರಂಥಕರ್ತನು ತನ್ನ ವಾದವು ಒಂದು ಘಟ್ಟವನ್ನು ಮುಟ್ಟಿದಾಗ, ಮಾತಿನಿಂದ ಆಗದುದನ್ನು ರೇಖೆಯಿಂದ ತೋರಿಸಬೇಕೆಂದು ನಿಶ್ಚಯಿಸಿ, ಆ ವಾಕ್ಯದ ಅಡಿಯಲ್ಲಿಯೇ ಚಿತ್ರವೊಂದನ್ನು ಇಟ್ಟು ಮುಂದುವರಿಯುತ್ತಾನೆ. ಪುಟಗಳು ಅಚ್ಚಿಗೆ ಸಿದ್ಧವಾಗಿ ಕೈಗೆ ಬಂದಾಗ ನೋಡಿದರೆ ಚಿತ್ರವು ಅಲ್ಲಿ ಇರುವುದಿಲ್ಲ, ಮುಂದಿನ ಪುಟದ ನೆತ್ತಿಗೆ ಏರಿರುತ್ತದೆ, ಅಥವಾ ಮೂರು ಪುಟಗಳ ಆಚೆ, ತನಗೆ ಯಾವ ಸಂಬಂಧವೂ ಇಲ್ಲದ ಮತ್ತೊಂದು ಪ್ರಕರಣದ ನಡುವೆ ಕುಳಿತಿರುತ್ತದೆ. ಗಣಕದಲ್ಲಿ ಪುಸ್ತಕವನ್ನು ಜೋಡಿಸುವವರೆಲ್ಲರಿಗೂ ಇದು ನಿತ್ಯಾನುಭವ. ನಾನು ಇಟ್ಟ ಕಡೆ ಅದು ಏಕೆ ಇಲ್ಲ ಎಂದು ಅವರು ಕೇಳುತ್ತಾರೆ. ಕೇಳಿ, ಯಾವುದಾದರೊಂದು ಆಜ್ಞೆಯನ್ನು ಬರೆದು ಚಿತ್ರವನ್ನು ಬಲವಂತವಾಗಿ ಹಿಂದಕ್ಕೆ ಎಳೆಯುತ್ತಾರೆ. ಈ ಕೇಳ್ವಿಯನ್ನು ಕೇವಲ ತಂತ್ರದ ವಿಷಯವೆಂದು ಬಿಟ್ಟುಬಿಡುವುದು ನನಗೆ ಸರಿಯೆಂದು ತೋರುವುದಿಲ್ಲ. ಮಾಡಿದವನಿಗೆ ತಾನು ಮಾಡಿದುದರ ನೆಲೆಯ ಮೇಲೆ ಎಷ್ಟು ಅಧಿಕಾರ ಉಂಟು, ಅವನ ಇಚ್ಛೆಗೆ ಒಳಪಡದೆ ನಡೆಯುವುದನ್ನು ಏನೆಂದು ಕರೆಯಬೇಕು, ಅದರ ಎದುರಿಗೆ ಯತ್ನವು ಎಲ್ಲಿ ನಿಲ್ಲಬೇಕು ಎಂಬ ಪ್ರಾಚೀನ ಜಿಜ್ಞಾಸೆಯೇ ಇಲ್ಲಿ ಒಂದು ಸಣ್ಣ ಪುಟದ ಮೇಲೆ, ಅಳೆದು ನೋಡಬಹುದಾದ ರೂಪದಲ್ಲಿ, ನಮ್ಮ ಮುಂದೆ ನಿಂತಿದೆ.

ಮೊಳೆಯಚ್ಚಿನ ಕಾಲದಲ್ಲಿ ಈ ಜಿಜ್ಞಾಸೆಗೆ ಒಂದು ಮುಖವಿತ್ತು. ಆ ಮುಖ ಕಂಪೋಸಿಟರನದು. ಚಿತ್ರವೆಂದರೆ ಆಗ ಮರದ ಹಲಗೆಯ ಮೇಲೆ ಕೂರಿಸಿದ ಲೋಹದ ಬ್ಲಾಕು. ಗ್ಯಾಲಿಯಲ್ಲಿ ಸಾಲುಗಳು ಬೆಳೆದು ಬಂದು, ಪುಟದಲ್ಲಿ ಉಳಿದ ಎಡೆಗಿಂತ ಬ್ಲಾಕು ದೊಡ್ಡದಾಗಿದ್ದರೆ, ಆತನು ಅದನ್ನು ಮುಂದಿನ ಪುಟಕ್ಕೆ ತೆಗೆದಿಟ್ಟು, ತೆರವಾದ ಸ್ಥಳಕ್ಕೆ ಮುಂದಿನ ಸಾಲುಗಳನ್ನು ತಂದು, ಇನ್ನೂ ಕೊರತೆ ಬಿದ್ದರೆ ಸಾಲುಗಳ ನಡುವೆ ಸೀಸದ ಪಟ್ಟಿಗಳನ್ನು ಸೇರಿಸಿ ಪುಟವನ್ನು ತುಂಬಿಸುತ್ತಿದ್ದನು. ಲೇಖಕನಿಗೆ ಅಸಮಾಧಾನವಾದರೆ ಮುದ್ರಣಾಲಯಕ್ಕೆ ಹೋಗಿ ಆತನೊಡನೆ ಮಾತನಾಡಬಹುದಾಗಿತ್ತು. ಆತನು ಕಾರಣ ಹೇಳುತ್ತಿದ್ದನು, ಕೆಲವೊಮ್ಮೆ ಲೇಖಕನೇ ಎರಡು ಸಾಲು ಕಡಿಮೆ ಮಾಡಿಕೊಡುತ್ತಿದ್ದನು. ವಿವೇಚನೆಯೂ ಹೊಣೆಯೂ ಒಬ್ಬ ಮನುಷ್ಯನಲ್ಲಿ ಇದ್ದುದರಿಂದ ಅಲ್ಲಿ ದೈವದ ಮಾತು ಏಳುತ್ತಿರಲಿಲ್ಲ.

ಆ ಮನುಷ್ಯನ ವಿವೇಚನೆಯನ್ನು ನಿಯಮಗಳಾಗಿ ಬರೆದಿಡಬಹುದೆಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರು. 1977ರಲ್ಲಿ ತಮ್ಮ ಬೃಹದ್ಗ್ರಂಥವಾದ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್'ನ ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಯ ಕರಡುಗಳು ಬಂದಾಗ, ಹಿಂದಿನ ಮೊಳೆಯಚ್ಚಿನ ಸೊಬಗು ಅವುಗಳಲ್ಲಿ ಇಲ್ಲದುದನ್ನು ಕಂಡು ನೊಂದು, ಮುದ್ರಣವಿನ್ಯಾಸದ ವ್ಯವಸ್ಥೆಯನ್ನು ತಾವೇ ರಚಿಸಲು ತೊಡಗಿದರು. ಹಾಗೆ ಹುಟ್ಟಿದ್ದು ಟೆಕ್. ಅದರ ಮೇಲೆ 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರು ಕಟ್ಟಿದ ಲೇಟೆಕ್ ಇಂದು ಗಣಿತ, ವಿಜ್ಞಾನಗಳ ಬರೆಹಕ್ಕೆ ಲೋಕವೆಲ್ಲ ಬಳಸುವ ಸಾಧನ. ಕ್ನೂತ್ ಅವರು ಲೂಥರ್ ಪಂಥದ ಶ್ರದ್ಧಾವಂತ ಕ್ರೈಸ್ತರು. ಗಣಕಶಾಸ್ತ್ರಕ್ಕೂ ಶ್ರದ್ಧೆಗೂ ಇರುವ ಸಂಬಂಧವನ್ನು ಕುರಿತು 1999ರಲ್ಲಿ ಎಂಐಟಿ ಸಂಸ್ಥೆಯಲ್ಲಿ ಉಪನ್ಯಾಸಮಾಲೆಯನ್ನು ನೀಡಿದವರು. ಬೈಬಲ್ಲಿನ ಒಂದೊಂದು ಗ್ರಂಥದ ಮೂರನೆಯ ಅಧ್ಯಾಯದ ಹದಿನಾರನೆಯ ವಾಕ್ಯವನ್ನು ಆರಿಸಿಕೊಂಡು ಅವರು ಧ್ಯಾನಪೂರ್ವಕವಾದ ಒಂದು ಪುಸ್ತಕವನ್ನು ಬರೆದಿದ್ದಾರೆ. ಪ್ರತಿಯೊಂದು ವಾಕ್ಯವನ್ನೂ ಬೇರೆ ಬೇರೆ ದೇಶಗಳ ಲಿಪಿಕಲಾವಿದರಿಂದ ಅಲಂಕರಿಸಿ ಬರೆಯಿಸಲು ಅಕ್ಷರಶಿಲ್ಪಿ ಹೆರ್ಮನ್ ತ್ಸಾಫ್ ಅವರು ನೆರವಾದರು. ತಮಗೆ ಪ್ರಿಯವಾದ ವಾಕ್ಯಗಳನ್ನು ಆಯದೆ, ಸಂಖ್ಯೆಯು ತೋರಿಸಿದ ನೆಲೆಯಲ್ಲಿ ಯಾವ ವಾಕ್ಯ ಸಿಕ್ಕಿತೋ ಅದನ್ನೇ ಒಪ್ಪಿಕೊಂಡು ಅದರೊಡನೆ ಕಾಲ ಕಳೆದವರು ಅವರು. ಆಯ್ಕೆಯನ್ನು ಬಿಟ್ಟುಕೊಟ್ಟು ಶ್ರಮವನ್ನು ಉಳಿಸಿಕೊಂಡ ಈ ರೀತಿಯನ್ನು ನಾನು ಮುಂದೆ ಹೇಳುವ ಮಾತಿಗೆ ನೆನಪಿನಲ್ಲಿಡಬೇಕು.

ಲೇಟೆಕ್ಕಿನಲ್ಲಿ ಚಿತ್ರವನ್ನು ಸೇರಿಸುವವನು ಅದರ ಜೊತೆಗೆ ನಾಲ್ಕು ಅಕ್ಷರಗಳಲ್ಲಿ ತನಗೆ ಬೇಕಾದುವನ್ನು ಬರೆಯಬಹುದು: 'ಎಚ್' ಎಂದರೆ ಇದ್ದಲ್ಲಿಯೇ, 'ಟಿ' ಎಂದರೆ ಪುಟದ ಮೇಲ್ಭಾಗದಲ್ಲಿ, 'ಬಿ' ಎಂದರೆ ಕೆಳಭಾಗದಲ್ಲಿ, 'ಪಿ' ಎಂದರೆ ಚಿತ್ರಗಳಿಗೇ ಮೀಸಲಾದ ಪ್ರತ್ಯೇಕ ಪುಟದಲ್ಲಿ. ಇವನ್ನು ಯಾವ ಅನುಕ್ರಮದಲ್ಲಿ ಬರೆದರೂ ವ್ಯವಸ್ಥೆಯು ಲಕ್ಷಿಸುವುದಿಲ್ಲ. ತನ್ನ ಅನುಕ್ರಮದಲ್ಲಿಯೇ ಪರೀಕ್ಷಿಸುತ್ತದೆ. ಮೊದಲು ಕೆಳಗೆ, ಆಗದಿದ್ದರೆ ಮೇಲೆ ಎಂದು ಹೇಳಿಕೊಳ್ಳಲು ಇಲ್ಲಿ ದಾರಿಯಿಲ್ಲ. ನಾವು ಕೊಡುವುದು ಅನುಮತಿ ಮಾತ್ರ. ಅನುಮತಿಯಿತ್ತ ಸ್ಥಳಗಳ ಒಳಗೆ ನಮ್ಮ ಪಕ್ಷಪಾತ ಯಾವ ಕಡೆಗಿದೆಯೆಂಬುದನ್ನು ಅದು ಕೇಳುವುದಿಲ್ಲ. ಇನ್ನು, ಇದ್ದಲ್ಲಿಯೇ ಎಂಬ ಒಂದೇ ಅಕ್ಷರವನ್ನು ಬರೆದವನ ಸ್ಥಿತಿಯನ್ನು ನೋಡಬೇಕು: ಅಲ್ಲಿ ಎಡೆ ಸಾಲದೆ ಹೋದರೆ ವ್ಯವಸ್ಥೆಯು ತಾನಾಗಿ ಎರಡನೆಯ ಅಕ್ಷರವನ್ನು ಸೇರಿಸಿ, ಇದ್ದಲ್ಲಿ ಅಥವಾ ಮೇಲೆ ಎಂದು ತಿದ್ದಿಕೊಂಡು, ತಿದ್ದಿದೆನೆಂದು ಒಂದು ಸಾಲಿನ ಎಚ್ಚರಿಕೆಯನ್ನು ದಾಖಲೆಯಲ್ಲಿ ಬರೆದಿಡುತ್ತದೆ. ಆ ಸಾಲನ್ನು ಓದುವವರು ವಿರಳ.

ಇದರ ಮೇಲೆ ಪ್ರಮಾಣದ ಕಟ್ಟುಗಳಿವೆ. ಮೇಲ್ಭಾಗದ ಚಿತ್ರಗಳು ಪುಟದ 70 ಶೇಕಡಕ್ಕಿಂತ ಹೆಚ್ಚಿನ ಎತ್ತರವನ್ನು ಆಕ್ರಮಿಸಕೂಡದು. ಕೆಳಭಾಗದವು 30 ಶೇಕಡವನ್ನು ಮೀರಕೂಡದು. ಪುಟದಲ್ಲಿ 20 ಶೇಕಡವಾದರೂ ಬರೆಹ ಇರಬೇಕು. ಚಿತ್ರಗಳಿಗೇ ಮೀಸಲಾದ ಪುಟವಾದರೆ ಅದು ಅರ್ಧಕ್ಕಾದರೂ ತುಂಬಬೇಕು. ಮೇಲೆ 2, ಕೆಳಗೆ 1, ಒಟ್ಟು 3 ಚಿತ್ರಗಳನ್ನು ಒಂದು ಪುಟ ದಾಟಕೂಡದು. ಎಲ್ಲಕ್ಕಿಂತ ಮುಖ್ಯವಾದ ಕಟ್ಟಳೆಯೆಂದರೆ, ಒಂದೇ ಜಾತಿಯ ಚಿತ್ರಗಳಲ್ಲಿ ಎರಡನೆಯದು ಮೊದಲನೆಯದನ್ನು ಹಿಂದಿಕ್ಕಿ ಹೋಗಲಾರದು.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಹೇಳಿದ್ದಾನೆ: ಅಧಿಷ್ಠಾನ, ಕರ್ತೃ, ಕರಣ, ನಾನಾವಿಧವಾದ ಚೇಷ್ಟೆ, ಐದನೆಯದಾಗಿ ದೈವ. ಹೀಗಿರುವಲ್ಲಿ ತಾನೊಬ್ಬನೇ ಕರ್ತೃವೆಂದು ತಿಳಿಯುವವನ ಬುದ್ಧಿ ಸಂಸ್ಕಾರವಿಲ್ಲದ್ದೆಂದು ಅಲ್ಲಿಯೇ ಹೇಳಿದೆ. ಪುಟದ ಮೇಲೆ ಈ ಐದನ್ನೂ ಗುರುತಿಸಬಹುದೆಂದು ನನ್ನ ಎಣಿಕೆ. ಅಗಲ, ಎತ್ತರ, ಅಂಚುಗಳಿಂದ ಕೂಡಿದ ಪುಟ ಅಧಿಷ್ಠಾನ, ಲೇಖಕನು ಕರ್ತೃ, ಟೆಕ್ ಮೊದಲಾದುವು ಕರಣ, ಬರೆದು, ತಿದ್ದಿ, ಮತ್ತೆ ಜೋಡಿಸಿ ನೋಡುವುದೆಲ್ಲ ಚೇಷ್ಟೆ. ಈ ನಾಲ್ಕನ್ನು ಕೂಡಿಸಿಯೂ ಚಿತ್ರದ ನೆಲೆಯನ್ನು ಮುಂದಾಗಿ ಹೇಳಲು ಸಾಧ್ಯವಾಗದೆ ಉಳಿಯುವುದೊಂದಿದೆ. ಅದನ್ನು ದೈವವೆಂದು ಕರೆಯಬಹುದೆ?

ಇಲ್ಲಿ ಭಾಷ್ಯಕಾರರ ಮಾತನ್ನು ನೋಡದೆ ಮುಂದೆ ಹೋಗುವುದು ಉಚಿತವಲ್ಲ. ಶಂಕರಾಚಾರ್ಯರ ಪ್ರಕಾರ ಆ ಐದನೆಯ ಕಾರಣವು ಕಣ್ಣು ಮೊದಲಾದ ಕರಣಗಳಿಗೆ ಅನುಗ್ರಾಹಕರಾದ ಆದಿತ್ಯಾದಿ ದೇವತೆಗಳು. ರಾಮಾನುಜಾಚಾರ್ಯರ ಪ್ರಕಾರ ಅದು ಅಂತರ್ಯಾಮಿಯಾದ ಪರಮಾತ್ಮನೇ. ಎರಡರಲ್ಲಿ ಯಾವುದನ್ನು ಹಿಡಿದರೂ ಯಂತ್ರದ ಕಟ್ಟಳೆಯನ್ನು ದೈವವೆನ್ನಲು ಬಾರದು. ದೇವತೆಯು ಕರಣಕ್ಕೆ ಚೈತನ್ಯವನ್ನು ಕೊಡುವವನು. ಅಂತರ್ಯಾಮಿಯು ಒಳಗಿದ್ದು ಬಲ್ಲವನು. ಟೆಕ್ ಚಿತ್ರವನ್ನು ಬಲ್ಲುದಲ್ಲ. ಅದರ ದೃಷ್ಟಿಯಲ್ಲಿ ಚಿತ್ರವೆಂದರೆ ಒಂದು ಪೆಟ್ಟಿಗೆ: ಅದಕ್ಕೊಂದು ಅಗಲ, ಅಡಿಗೆರೆಯ ಮೇಲೆ ಒಂದು ಎತ್ತರ, ಕೆಳಗೆ ಒಂದು ಆಳ. ಒಳಗಿರುವುದು ಶ್ರೀಚಕ್ರವೋ ರೈಲುಮಾರ್ಗದ ನಕ್ಷೆಯೋ ಅದಕ್ಕೆ ತಿಳಿಯದು. ಇಂತಹ ಅರಿವಿಲ್ಲದ ನಿಯತಿಗೆ ಭಕ್ತಿಯಿಂದ ತಲೆಬಾಗುವುದು ಭಕ್ತಿಯ ದುರುಪಯೋಗವಾಗುತ್ತದೆ. ಈ ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ಯಂತ್ರವು ಹೇಳಿದುದೇ ಅಂತಿಮವೆಂದು ಕೈಕಟ್ಟಿ ಕೂರುವ ಪ್ರವೃತ್ತಿ ಈಗ ಎಲ್ಲ ಕಡೆಯೂ ಬೆಳೆಯುತ್ತಿದೆ.

ಹಾಗಾದರೆ ಆ ಶೇಷವೇನು? ಯೋಗವಾಸಿಷ್ಠದ ಮುಮುಕ್ಷುಪ್ರಕರಣವು ಇದಕ್ಕೆ ಉತ್ತರವನ್ನು ಸಿದ್ಧಪಡಿಸಿಟ್ಟಿದೆ. ಅಲ್ಲಿ ವಸಿಷ್ಠರು ರಾಮನಿಗೆ ಹೇಳುವ ಉಪದೇಶದ ಸಾರವೆಂದರೆ ದೈವವೆಂಬ ಬೇರೆಯ ಪದಾರ್ಥವಿಲ್ಲ, ಹಿಂದೆ ಮಾಡಿದ ಪೌರುಷವೇ ಈಗ ದೈವವೆಂಬ ಹೆಸರನ್ನು ಹೊತ್ತು ಎದುರಿಗೆ ನಿಂತಿದೆ, ಇಂದಿನ ಪೌರುಷವು ಬಲವಾಗಿದ್ದರೆ ಅದನ್ನು ಗೆಲ್ಲಬಹುದು ಎಂಬುದು. ಜೀವಿತದ ಎಲ್ಲ ಸಂದರ್ಭಗಳಿಗೂ ಈ ಸಿದ್ಧಾಂತವು ಸಾಲುವುದೆಂದು ನಾನು ಹೇಳಲಾರೆ. ಬರಗಾಲದಲ್ಲಿ ಮಡಿದ ಕೂಸಿನ ಮುಂದೆ ನಿಂತು ಇದನ್ನು ಹೇಳಲು ಯಾರಿಗೂ ನಾಲಗೆ ಏಳಬಾರದು. ಆದರೆ ಪುಟದ ವಿಷಯದಲ್ಲಿ ಇದು ಅಕ್ಷರಶಃ ಸತ್ಯ. ಆ 70, 30, 20ರ ಪ್ರಮಾಣಗಳು ಆಕಾಶದಿಂದ ಇಳಿದುವಲ್ಲ. ಹಿಂದೊಮ್ಮೆ ಒಬ್ಬರು ಕುಳಿತು, ಚಿತ್ರಗಳ ನಡುವೆ ಬರೆಹ ಮುಳುಗಿಹೋಗಬಾರದೆಂಬ ಕಾಳಜಿಯಿಂದ ಗೊತ್ತುಮಾಡಿದುವು. ಅವರ ಪೌರುಷ ನಮಗೆ ದೈವವಾಗಿ ತೋರುತ್ತಿದೆ. ನಮ್ಮದೇ ಪೌರುಷವೂ ಹಾಗೆ ತೋರುವುದುಂಟು.

ಒಂದು ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ದೇವಾಲಯವಾಸ್ತುವನ್ನು ಕುರಿತ ಗ್ರಂಥದಲ್ಲಿ ಒಬ್ಬ ಲೇಖಕನು ಏಳು ಚಿತ್ರಗಳನ್ನು ಇಟ್ಟಿದ್ದಾನೆನ್ನೋಣ. ಮೊದಲನೆಯದು ಬೇಲೂರಿನ ಚೆನ್ನಕೇಶವ ದೇವಾಲಯದ ತಲವಿನ್ಯಾಸ. ಜಗತಿಯ ಮೂಲೆಮೂಲೆಯೂ ಸ್ಪಷ್ಟವಾಗಿ ಕಾಣಬೇಕೆಂಬ ಆಸೆಯಿಂದ ಅವನು ಅದನ್ನು ಪುಟದ ಮುಕ್ಕಾಲು ಎತ್ತರಕ್ಕೆ ಬೆಳೆಸಿದ್ದಾನೆ. ಅಂದವಾಗಿ ಕಾಣಲೆಂದು ಮೇಲ್ಭಾಗದಲ್ಲಿ ಎಂಬ ಒಂದೇ ಅನುಮತಿಯನ್ನು ಬರೆದಿದ್ದಾನೆ. ಮೇಲ್ಭಾಗದ ಮಿತಿ 70 ಶೇಕಡ, ಚಿತ್ರ 75. ಈ ಪುಟದಲ್ಲಿ ಅದಕ್ಕೆ ಸ್ಥಳವಿಲ್ಲ, ಮುಂದಿನ ಪುಟದಲ್ಲಿಯೂ ಇಲ್ಲ, ಇನ್ನಾವ ಪುಟದಲ್ಲಿಯೂ ಆಗುವಂತಿಲ್ಲ. ಪ್ರತ್ಯೇಕ ಪುಟವೊಂದರಲ್ಲಿ ಅದು ನೆಮ್ಮದಿಯಾಗಿ ನಿಲ್ಲುತ್ತಿತ್ತು. ಆದರೆ ಆ ಅಕ್ಷರವನ್ನು ಅವನು ಬರೆದಿಲ್ಲ. ಚಿತ್ರವು ಕಾಯುತ್ತದೆ. ಅದರ ಹಿಂದೆ ಎರಡನೆಯದು ಕಾಯುತ್ತದೆ, ಅದು ಅಂಗುಲದಷ್ಟು ಸಣ್ಣದಾಗಿದ್ದರೂ, ಅದಕ್ಕೆ ಎಲ್ಲ ಅನುಮತಿಗಳಿದ್ದರೂ. ಮೂರನೆಯದು, ನಾಲ್ಕನೆಯದು, ಏಳನೆಯದರ ತನಕ ಎಲ್ಲವೂ ಸಾಲುಹಿಡಿದು ನಿಲ್ಲುತ್ತವೆ. ಹೊಸ ಅಧ್ಯಾಯವು ಆರಂಭವಾಗುವ ಮುನ್ನ ಬಾಕಿಯೆಲ್ಲವನ್ನೂ ತೀರಿಸಬೇಕೆಂಬ ಕಟ್ಟಳೆ ಇರುವುದರಿಂದ, ಅಧ್ಯಾಯದ ಕೊನೆಯ ಸಾಲು ಮುಗಿದೊಡನೆ ಏಳೂ ಒಟ್ಟಿಗೆ ಹೊರಬೀಳುತ್ತವೆ. ಲೇಖಕನು ಆರನೆಯ ಚಿತ್ರವನ್ನು ಹಿಡಿದು, ಇದು ಇಷ್ಟು ಚಿಕ್ಕದು, ಇದೇಕೆ ತನ್ನ ಪುಟದಲ್ಲಿ ಇಲ್ಲ ಎಂದು ಪರಿತಪಿಸುತ್ತಾನೆ. ಅದರ ಅಳತೆಯನ್ನು ಇನ್ನಷ್ಟು ಕುಗ್ಗಿಸುತ್ತಾನೆ, ಸುತ್ತಲಿನ ವಾಕ್ಯಗಳನ್ನು ಕತ್ತರಿಸುತ್ತಾನೆ. ಕಾರಣವು ಹತ್ತು ಪುಟಗಳ ಹಿಂದೆ, ಅವನದೇ ಕೈಯ ಒಂದು ಅಕ್ಷರದಲ್ಲಿದೆ. ಫಲವು ಕಂಡ ಕಡೆಯಲ್ಲಿ ಕಾರಣವನ್ನು ಹುಡುಕುವುದು ಮನುಷ್ಯನ ಚಿರಂತನವಾದ ಅಭ್ಯಾಸ. ವಸಿಷ್ಠರು ರಾಮನ ವಿಷಾದಕ್ಕೆ ಕೊಟ್ಟ ಔಷಧವೂ ದೃಷ್ಟಿಯನ್ನು ಫಲದಿಂದ ಹಿಂದಕ್ಕೆ ತಿರುಗಿಸುವುದೇ ಆಗಿದ್ದಿತು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಕಟ್ಟಳೆಗಳು ಮನುಷ್ಯಕೃತವಾಗಿರಲಿ, ಅವು ಇನ್ನೂ ಜಾಣತನದಿಂದ ಕೂಡಿರಬಾರದಾಗಿತ್ತೆ, ಗ್ರಂಥವನ್ನೆಲ್ಲ ಒಮ್ಮೆಗೆ ನೋಡಿ ಪ್ರತಿಯೊಂದು ಚಿತ್ರಕ್ಕೂ ಅತ್ಯುತ್ತಮವಾದ ನೆಲೆಯನ್ನು ಕೊಡಬಾರದಾಗಿತ್ತೆ ಎಂದು ಕೇಳಬಹುದು. ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ಪ್ರಕಟಿಸಿದ 'ಥಿಯೊಡಿಸಿ' ಎಂಬ ಗ್ರಂಥದಲ್ಲಿ, ಈಶ್ವರನು ಸಾಧ್ಯವಾದ ಲೋಕಗಳನ್ನೆಲ್ಲ ತನ್ನ ಜ್ಞಾನದಲ್ಲಿ ತೂಗಿನೋಡಿ ಅವುಗಳಲ್ಲಿ ಅತ್ಯುತ್ತಮವಾದುದನ್ನು ಸೃಷ್ಟಿಸಿದನೆಂದೂ, ಒಂದೆಡೆಯ ದೋಷವನ್ನು ಸಮಗ್ರದ ಒಳಿತಿಗಾಗಿ ಸಹಿಸಲಾಗಿದೆಯೆಂದೂ ವಾದಿಸಿದನು. ಆಶ್ಚರ್ಯವೆಂದರೆ ಟೆಕ್ ತನ್ನ ಒಂದು ವ್ಯವಹಾರದಲ್ಲಿ ಸರಿಯಾಗಿ ಹೀಗೆಯೇ ನಡೆಯುತ್ತದೆ. ಕ್ನೂತ್ ಮತ್ತು ಮೈಕೆಲ್ ಪ್ಲಾಸ್ ಅವರು 1981ರ ಪ್ರಬಂಧದಲ್ಲಿ ವಿವರಿಸಿದ ವಿಧಾನದಂತೆ, ಒಂದು ಪರಿಚ್ಛೇದವನ್ನು ಸಾಲುಗಳಾಗಿ ಒಡೆಯುವಾಗ ಅದು ಮೊದಲ ಸಾಲನ್ನು ತುಂಬಿಸಿ ಮುಂದೆ ಹೋಗುವುದಿಲ್ಲ; ಇಡೀ ಪರಿಚ್ಛೇದದ ಒಡೆಯುವಿಕೆಗಳನ್ನು ಹೋಲಿಸಿ, ದೋಷಗಳ ಒಟ್ಟು ಮೊತ್ತ ಅತ್ಯಲ್ಪವಾಗುವಂತೆ ಒಂದನ್ನು ಆರಿಸುತ್ತದೆ; ಐದನೆಯ ಸಾಲು ಬಿಗಿಯಾಗದಿರಲೆಂದು ಎರಡನೆಯ ಸಾಲು ಸ್ವಲ್ಪ ಸಡಿಲವಾಗಿರುವುದನ್ನು ಒಪ್ಪಿಕೊಳ್ಳುತ್ತದೆ. ಲೈಬ್ನಿಜನ ಈಶ್ವರನ ನ್ಯಾಯ ಪರಿಚ್ಛೇದದ ಒಳಗೆ ನೆರವೇರಿದೆಯೆಂದೇ ಹೇಳಬಹುದು.

ಪುಟದ ಮಟ್ಟಕ್ಕೆ ಬಂದೊಡನೆ ಆ ಸಮಗ್ರದೃಷ್ಟಿ ಇಲ್ಲವಾಗುತ್ತದೆ. 1970ರ ದಶಕದ ಗಣಕಗಳ ಸ್ಮೃತಿಯಲ್ಲಿ ಹಲವು ಪುಟಗಳನ್ನು ಒಟ್ಟಿಗೆ ಹಿಡಿದಿಡಲು ಸ್ಥಳವಿರಲಿಲ್ಲ. ಆದುದರಿಂದ ಒಂದು ಪುಟ ಸಿದ್ಧವಾದೊಡನೆ ಅದನ್ನು ಹೊರಕ್ಕೆ ಕಳುಹಿಸಿ ಮರೆತುಬಿಡಬೇಕಾಗಿತ್ತು. ಹಿಂದಿನ ಪುಟವನ್ನು ತಿದ್ದಲಾಗದು, ಮುಂದಿನದು ತಿಳಿಯದು. ಸ್ಮೃತಿ ಹೆಚ್ಚಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ತಿಳಿಯಬಾರದು. ಅದೇ 1981ರಲ್ಲಿ ಪ್ಲಾಸ್ ಅವರು ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಇದನ್ನೇ ಪರಿಶೀಲಿಸಿ, ಚಿತ್ರಕ್ಕೂ ಅದರ ಉಲ್ಲೇಖಕ್ಕೂ ಇರುವ ದೂರವನ್ನು ಅಳೆಯುವ ಕೆಲವು ಸಹಜವಾದ ಮಾನಗಳನ್ನು ಹಿಡಿದರೆ, ಅತ್ಯುತ್ತಮ ವಿನ್ಯಾಸವನ್ನು ಹುಡುಕುವುದು ಎನ್‌ಪಿ-ಕಂಪ್ಲೀಟ್ ಎಂಬ ವರ್ಗಕ್ಕೆ ಸೇರಿದ ಸಮಸ್ಯೆಯಾಗುತ್ತದೆಂದು ತೋರಿಸಿದರು. ಆ ವರ್ಗದ ಸಮಸ್ಯೆಗಳನ್ನು ಎಲ್ಲ ಸಂದರ್ಭಗಳಲ್ಲಿಯೂ ಶೀಘ್ರವಾಗಿ ಬಿಡಿಸುವ ಮಾರ್ಗ ಇದುವರೆಗೆ ಯಾರಿಗೂ ದೊರೆತಿಲ್ಲ. ಸರ್ವಜ್ಞನಾದ ಈಶ್ವರನಿಗೆ ಸಾಧ್ಯವಾದ ಲೋಕಗಳನ್ನೆಲ್ಲ ತೂಗುವುದಕ್ಕೆ ಕಾಲದ ಅಪೇಕ್ಷೆ ಇಲ್ಲ. ಕಾಲದಲ್ಲಿ ನಡೆಯುವ ಯಾವ ಬುದ್ಧಿಗೂ, ಅದು ಲೋಹದ್ದಾಗಲಿ ಮಾಂಸದ್ದಾಗಲಿ, ಆ ಸೌಕರ್ಯವಿಲ್ಲ. ಹೀಗೆ ಪುಟದಲ್ಲಿ ಉಳಿಯುವ ಕೊರತೆಗೆ ಯಾರ ಸೋಮಾರಿತನವನ್ನೂ ದೂರಿ ಫಲವಿಲ್ಲ.

ಯತ್ನ ಎಲ್ಲಿ ನಿಲ್ಲಬೇಕು ಎಂಬಲ್ಲಿಗೆ ಈಗ ಬರೋಣ. ಶ್ರೀವೈಷ್ಣವ ಸಂಪ್ರದಾಯದಲ್ಲಿ ಶರಣಾಗತಿಯ ಸ್ವರೂಪವನ್ನು ಕುರಿತು ಎರಡು ಪಕ್ಷಗಳಿವೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯುತ್ತದೆ, ತಾಯಿ ಹಾರುತ್ತಾಳೆ. ಬೆಕ್ಕಿನ ಮರಿ ಏನನ್ನೂ ಮಾಡದು, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಸಾಗಿಸುತ್ತಾಳೆ. ಜೀವನ ಕಡೆಯಿಂದ ಅಲ್ಪವಾದರೂ ಯತ್ನ ಬೇಕೆಂಬುದು ವಡಗಲೆಯವರ ಮತ, ಅದೂ ಬೇಡವೆಂಬುದು ತೆಂಗಲೆಯವರ ಮತ. ಮೋಕ್ಷದ ವಿಷಯದಲ್ಲಿ ಇವೆರಡರ ತಾರತಮ್ಯವನ್ನು ನಿರ್ಣಯಿಸುವ ಯೋಗ್ಯತೆ ನನಗಿಲ್ಲ. ಆದರೆ ಬೆಕ್ಕಿನ ಮರಿಯ ನಿಶ್ಚಿಂತೆಗೆ ಒಂದು ಆಧಾರವಿದೆ: ತಾಯಿಗೆ ತನ್ನ ಮರಿಯ ಗುರುತು ಇದೆ. ಚಿತ್ರವನ್ನು ಪೆಟ್ಟಿಗೆಯೆಂದು ಮಾತ್ರ ಬಲ್ಲ ವ್ಯವಸ್ಥೆಯ ಮುಂದೆ ಆ ನಿಶ್ಚಿಂತೆಗೆ ಎಡೆಯಿಲ್ಲ. ಕೋತಿಯ ಮರಿಯ ಮಾರ್ಗವೇ ಇಲ್ಲಿ ಲೇಖಕನಿಗೆ ವಿಹಿತ. ಹಾರುವ ದಿಕ್ಕನ್ನು ಆರಿಸುವುದು ಅವನ ಕೆಲಸವಲ್ಲ, ಹಿಡಿತವನ್ನು ಬಿಡದಿರುವುದು ಅವನ ಕೆಲಸ.

ಆ ಹಿಡಿತವೆಂದರೆ ಏನು? ಚಿತ್ರವನ್ನು ಅದರ ವಾಕ್ಯಕ್ಕೆ ಸ್ಥಳದಿಂದಲ್ಲದೆ ಸಂಬಂಧದಿಂದ ಕಟ್ಟುವುದು. 'ಈ ಕೆಳಗಿನ ಚಿತ್ರದಲ್ಲಿ' ಎಂದು ಬರೆದವನು ಚಿತ್ರವು ಕೆಳಗೆ ಇರಲೇಬೇಕೆಂದು ಪುಟವನ್ನು ಪೀಡಿಸಬೇಕಾಗುತ್ತದೆ. 'ಚಿತ್ರ 3ರಲ್ಲಿ' ಎಂದು ಬರೆದವನಿಗೆ ಚಿತ್ರವು ಪುಟದ ಮೇಲಿದ್ದರೂ ಎದುರು ಪುಟದಲ್ಲಿದ್ದರೂ ಅರ್ಥಹಾನಿಯಿಲ್ಲ. ನಮ್ಮ ಭಾಷ್ಯಪರಂಪರೆ ಈ ರಹಸ್ಯವನ್ನು ಬಹುಕಾಲದ ಹಿಂದೆಯೇ ಬಲ್ಲುದಾಗಿತ್ತು. ತಾಳೆಗರಿಯ ಮೇಲೆ ಟೀಕೆಯನ್ನು ಬರೆಯುವ ಪಂಡಿತನು ಮೂಲವು ಓದುಗನ ಕಣ್ಣ ಮುಂದೆ ಇದ್ದೇ ಇರುವುದೆಂದು ನಂಬಲಾರನು. ಮೂಲ ಬೇರೆಯ ಕಟ್ಟಿನಲ್ಲಿರಬಹುದು, ಬೇರೆಯ ಊರಿನಲ್ಲಿರಬಹುದು, ಹೆಚ್ಚಾಗಿ ಓದುಗನ ಕಂಠದಲ್ಲಿರಬಹುದು. ಆದುದರಿಂದ ಸೂತ್ರದ ಮೊದಲ ಒಂದೆರಡು ಪದಗಳನ್ನು ಪ್ರತೀಕವಾಗಿ ಹಿಡಿದು, ಅಲ್ಲಿಂದ ವ್ಯಾಖ್ಯಾನವನ್ನು ಆರಂಭಿಸುತ್ತಿದ್ದನು. ಮೂಲವೂ ವ್ಯಾಖ್ಯಾನವೂ ನೂರು ಗಾವುದ ದೂರದಲ್ಲಿದ್ದರೂ ಆ ಪ್ರತೀಕದಿಂದ ಒಂದನ್ನೊಂದು ಗುರುತಿಸುತ್ತಿದ್ದುವು. ಇದ್ದಲ್ಲಿಯೇ ಇರಬೇಕೆಂಬ ಹಟದಲ್ಲಿ ಪ್ರೀತಿಯಿರುವುದು ನಿಜವಾದರೂ ಆ ಪ್ರೀತಿಯಲ್ಲಿ ಮಮಕಾರವು ಬೆರೆತಿದೆ. ಸಂಬಂಧವು ದೃಢವಾಗಿಲ್ಲವೆಂಬ ಒಳಗಿನ ಭಯವೇ ಸಾಮೀಪ್ಯವನ್ನು ಬೇಡುತ್ತದೆಯೆಂದು ನನಗೆ ತೋರುತ್ತದೆ. ಹಟವನ್ನು ಪೂರೈಸುವ ಉಪಾಯವೂ ಲೇಟೆಕ್ಕಿನಲ್ಲಿ ಉಂಟು: ಚಿತ್ರವನ್ನು ಕದಲದಂತೆ ನಿಲ್ಲಿಸುವ ದೊಡ್ಡಕ್ಷರದ 'ಎಚ್'. ಅದನ್ನು ಬಳಸಿದರೆ ಚಿತ್ರ ಕದಲುವುದಿಲ್ಲ. ಎಡೆ ಸಾಲದಿದ್ದರೆ ಹಿಂದಿನ ಪುಟದ ಅಡಿಯಲ್ಲಿ ಕಾಲು ಪುಟದಷ್ಟೋ ಅರ್ಧ ಪುಟದಷ್ಟೋ ಬರಿದಾಗಿ ಬಿದ್ದಿರುತ್ತದೆ.

ಬರಿದಾದ ಸ್ಥಳದ ಮಾತು ಬಂದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಜೈನ ದರ್ಶನವು ಲೋಕದ ಆರು ದ್ರವ್ಯಗಳಲ್ಲಿ ಆಕಾಶವನ್ನೂ ಒಂದಾಗಿ ಎಣಿಸಿ, ಇತರ ದ್ರವ್ಯಗಳಿಗೆಲ್ಲ ಎಡೆಯನ್ನು ಕೊಡುವುದೇ ಅದರ ಉಪಕಾರವೆಂದು ಹೇಳುತ್ತದೆ. ಆಕಾಶವು ಚಲಿಸದು, ತಡೆಯದು, ಯಾವುದನ್ನೂ ಬೇಡದು. ಆದರೆ ಅದಿಲ್ಲದೆ ಜೀವಕ್ಕಾಗಲಿ ಪುದ್ಗಲಕ್ಕಾಗಲಿ ಇರಲು ನೆಲೆಯಿಲ್ಲ. ಶೂನ್ಯವನ್ನು ಅಭಾವವೆಂದು ತಳ್ಳದೆ, ಉಪಕಾರಿಯಾದ ದ್ರವ್ಯವೆಂದು ಗೌರವಿಸಿದ ಈ ದೃಷ್ಟಿ ಪುಟವನ್ನು ನೋಡುವವನಿಗೂ ಬೇಕು. ಟೆಕ್ಕಿನಲ್ಲಿ ಎರಡು ವಸ್ತುಗಳ ನಡುವಣ ಅಂತರವೂ ಒಂದು ವಸ್ತುವೇ. ಅದಕ್ಕೆ ಸಹಜವಾದ ಒಂದು ಅಳತೆ, ಹಿಗ್ಗುವ ಒಂದು ಶಕ್ತಿ, ಕುಗ್ಗುವ ಒಂದು ಶಕ್ತಿ ಎಂದು ಮೂರು ಗುಣಗಳಿವೆ. ಸಾಮಾನ್ಯವಾದ ಹತ್ತು ಪಾಯಿಂಟಿನ ಅಕ್ಷರದ ಪುಸ್ತಕದಲ್ಲಿ, ಮೇಲ್ಭಾಗದ ಚಿತ್ರಕ್ಕೂ ಕೆಳಗಿನ ಬರೆಹಕ್ಕೂ ನಡುವೆ ಲೇಟೆಕ್ ಇಡುವುದು 20 ಪಾಯಿಂಟು. ಬೇಕಾದರೆ 2 ಪಾಯಿಂಟು ಹಿಗ್ಗಬಹುದು, 4 ಪಾಯಿಂಟು ಕುಗ್ಗಬಹುದು. ಚಿತ್ರ ಚಿತ್ರಗಳ ನಡುವೆ 12 ಪಾಯಿಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಗ್ಗುವುದಕ್ಕೆ ಹೇಳಿದ ಮಿತಿಯನ್ನು ಅಂತರವು ಮೀರಬಹುದು. ಮೀರಿದಷ್ಟೂ ಅದರ ದೋಷಾಂಕ ಬೆಳೆಯುತ್ತದೆ, ಪೂರ್ತಿ ಹಿಗ್ಗಿದಾಗ 100 ಇದ್ದದ್ದು ಇಮ್ಮಡಿ ಹಿಗ್ಗಿದಾಗ 800 ಆಗುತ್ತದೆ, ಆದರೂ ನಿಷೇಧವಿಲ್ಲ. ಕುಗ್ಗುವುದಕ್ಕೆ ಹೇಳಿದ ಮಿತಿಯನ್ನು ಮಾತ್ರ ಟೆಕ್ ಎಂದಿಗೂ ಮೀರುವುದಿಲ್ಲ. ವಸ್ತುವು ಅಂಚನ್ನು ದಾಟಿ ಹೊರಚಾಚಿದರೂ ಸರಿ, ಅಂತರವನ್ನು ಅದರ ಮಿತಿಗಿಂತ ಕೆಳಗೆ ಹಿಸುಕುವುದಿಲ್ಲ. ಎಡೆಯನ್ನು ಹೆಚ್ಚಾಗಿ ಕೊಡುವುದು ಕ್ಷಮ್ಯ, ಇರುವ ಎಡೆಯನ್ನು ಕಸಿದುಕೊಳ್ಳುವುದು ಅಕ್ಷಮ್ಯ ಎಂಬ ಈ ವಿವೇಕವನ್ನು ಒಂದು ಗಣಿತದ ಕಟ್ಟಳೆಯಲ್ಲಿ ಬರೆದಿಟ್ಟವರನ್ನು ನಾನು ಮನಸ್ಸಿನಲ್ಲಿ ವಂದಿಸುತ್ತೇನೆ. ಪುಟಗಳ ಮಿತಿಗೆ ಅಂಜಿ, ಋಣಾತ್ಮಕವಾದ ಅಂತರಗಳನ್ನು ಅಲ್ಲಲ್ಲಿ ಸೇರಿಸಿ, ಚಿತ್ರವನ್ನೂ ಅದರ ಶೀರ್ಷಿಕೆಯನ್ನೂ ಬರೆಹವನ್ನೂ ಒಂದರ ಮೇಲೊಂದು ಒತ್ತುವವರು ಆ ಕಟ್ಟಳೆಯನ್ನು ಹಿಂಬಾಗಿಲಿನಿಂದ ಮುರಿಯುತ್ತಾರೆ. ಓದುವವನ ಕಣ್ಣು ಚಿತ್ರ ಎಲ್ಲಿ ಮುಗಿಯಿತು, ಮಾತು ಎಲ್ಲಿ ಆರಂಭವಾಯಿತು ಎಂದು ತಡಕುವಂತಾಗುತ್ತದೆ.

ಟೆಕ್ಕಿನ ಅಂತರಗಳಲ್ಲಿ ಅನಂತವಾಗಿ ಹಿಗ್ಗತಕ್ಕವೂ ಇವೆ. ಅನಂತದಲ್ಲಿಯೂ ಮೂರು ತರಗತಿಗಳಿದ್ದು, ಮೇಲಿನ ತರಗತಿಯದು ಇರುವಲ್ಲಿ ಕೆಳಗಿನದು ಇಲ್ಲದಂತೆಯೇ ಆಗುತ್ತದೆ. ಚಿತ್ರಗಳಿಗೆ ಮೀಸಲಾದ ಪುಟದಲ್ಲಿ ನೆತ್ತಿಯ ಮೇಲೊಂದು, ಅಡಿಯಲ್ಲೊಂದು ಸಮಾನವಾದ ಅನಂತವಿರುವುದರಿಂದಲೇ ಒಂಟಿ ಚಿತ್ರವು ಪುಟದ ಸರಿನಡುವೆ ನಿಲ್ಲುತ್ತದೆ. ಅನಂತಕ್ಕೆ ತರಗತಿಗಳನ್ನು ಕಲ್ಪಿಸುವುದು ಕನ್ನಡನಾಡಿನಲ್ಲಿ ಹೊಸ ಮಾತಲ್ಲ. ಕರ್ಮಸಿದ್ಧಾಂತವನ್ನು ವಿವರಿಸುವ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆಯಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತಗಳ ಭೇದೋಪಭೇದಗಳ ವಿಚಾರವಿದೆ. ಆ ಟೀಕೆಯ ತಾಳೆಗರಿಗಳು, ಹಳೆಗನ್ನಡ ಲಿಪಿಯಲ್ಲಿ ಬರೆದುವು, ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುವ ಪವಿತ್ರ ವಸ್ತುವಾಗಿ ಉಳಿದುಬಂದುವು; ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಮುಂದಕ್ಕೆ ಅವು ಅಚ್ಚಾದುವು. ಆ ಗರಿಗಳಲ್ಲಿ ಕೆಲವಕ್ಕೆ ಹೊಯ್ಸಳರ ಕಾಲದ, 12ನೆಯ ಶತಮಾನದ ಬಣ್ಣದ ಚಿತ್ರಗಳಿವೆ: ಜಿನಬಿಂಬಗಳು, ಯಕ್ಷಿಯರು, ಕೈಮುಗಿದ ಭಕ್ತರು. ಕರ್ಮಬಂಧದ ಸೂಕ್ಷ್ಮವಿಚಾರಕ್ಕೆ ಈ ಚಿತ್ರಗಳು ವಿವರಣೆಯಲ್ಲ. ಯಾವ ವಾಕ್ಯವೂ ಅವನ್ನು ಕರೆಯುವುದಿಲ್ಲ. ಕೆಲವೇ ಅಂಗುಲಗಳ ಎತ್ತರವುಳ್ಳ ಗರಿಯಲ್ಲಿ, ದಾರ ಪೋಣಿಸುವ ರಂಧ್ರಕ್ಕೂ ಎಡೆಯನ್ನು ಉಳಿಸಬೇಕಾದಲ್ಲಿ, ಲಿಪಿಕಾರನು ಚಿತ್ರಕ್ಕೆಂದು ಸ್ಥಳವನ್ನು ಬಿಟ್ಟುಕೊಟ್ಟಿದ್ದಾನೆ. ವಾದಕ್ಕೆ ನೆರವಾಗುವ ಚಿತ್ರವೊಂದು ಜಾತಿ, ಓದುವವನ ಮನಸ್ಸನ್ನು ಶಾಂತಗೊಳಿಸಲು ಬರುವ ಚಿತ್ರ ಮತ್ತೊಂದು ಜಾತಿ. ಎರಡನೆಯದಕ್ಕೆ ಉಲ್ಲೇಖದ ನಂಟು ಬೇಡ, ನೆಲೆಯೇ ಅದರ ಅರ್ಥ. ಆದುದರಿಂದ ನಾನು ಮೇಲೆ ಹೇಳಿದ ಸಂಬಂಧದ ನಿಯಮವನ್ನು ಅಂತಹ ಚಿತ್ರಗಳಿಗೆ ಹಚ್ಚಬಾರದು. ಪ್ರಾರ್ಥನೆಯ ಪುಸ್ತಕದಲ್ಲಿ ಮಂತ್ರದ ಎದುರಿಗೆ ಇರಬೇಕಾದ ಮೂರ್ತಿಯನ್ನು ಲೇಖಕನು ಹಟ ಹಿಡಿದೇ ಅಲ್ಲಿ ನಿಲ್ಲಿಸಬೇಕು, ಹಿಂದಿನ ಪುಟ ಬರಿದಾದರೂ ಚಿಂತೆಯಿಲ್ಲ.

ಯಾವ ಚಿತ್ರ ಯಾವ ಜಾತಿಯದೆಂದು ಹೇಳಬಲ್ಲವನು ಲೇಖಕನೊಬ್ಬನೇ. ಬರೆಯುವ ಕಾಲದಲ್ಲಿ ಅವನು ನೆಲೆಯ ಚಿಂತೆಯನ್ನು ದೂರವಿಟ್ಟು, ಸಹ್ಯವಾದ ಸ್ಥಳಗಳಿಗೆಲ್ಲ ಔದಾರ್ಯದಿಂದ ಅನುಮತಿಯಿತ್ತು, ಗ್ರಂಥವೆಲ್ಲ ಮುಗಿದು ಒಂದು ಅಕ್ಷರವೂ ಇನ್ನು ಬದಲಾಗದೆಂದು ಖಚಿತವಾದ ಮೇಲೆ ಪುಟಪುಟವನ್ನೂ ತಾನೇ ತಿರುವಿ ನೋಡಿ, ವ್ಯವಸ್ಥೆಯು ಅರ್ಥವನ್ನು ಕೆಡಿಸಿರುವ ಕಡೆಗಳಲ್ಲಿ ಮಾತ್ರ ಕೈಯಿಡಬೇಕು. ನಡುವೆ ಇಟ್ಟ ಕೈ ವ್ಯರ್ಥ. ಮೊದಲ ಪ್ರಕರಣದಲ್ಲಿ ಒಂದು ವಾಕ್ಯ ಸೇರಿದರೆ ಕೊನೆಯ ಪ್ರಕರಣದ ತನಕ ಎಲ್ಲವೂ ಸರಿದುಹೋಗುತ್ತದೆ.

ಕ್ನೂತ್ ಅವರು ತಮ್ಮ ವ್ಯವಸ್ಥೆಯ ವಿಷಯದಲ್ಲಿ ಕೈಯನ್ನು ಹಿಂತೆಗೆದ ಬಗೆಯೂ ಸ್ಮರಣೀಯ. 3ನೆಯ ಆವೃತ್ತಿಯ ಅನಂತರ ಟೆಕ್ಕಿನ ಒಂದೊಂದು ತಿದ್ದುಪಡಿಗೂ ಅವರು ವೃತ್ತಪರಿಧಿಗೂ ವ್ಯಾಸಕ್ಕೂ ಇರುವ ನಿಷ್ಪತ್ತಿಯ ಒಂದೊಂದು ಅಂಕವನ್ನು ಸೇರಿಸುತ್ತ ಬಂದಿದ್ದಾರೆ: 3.1, 3.14, ಹೀಗೆ. ತಮ್ಮ ಮರಣಾನಂತರ ಆವೃತ್ತಿಯ ಸಂಖ್ಯೆಯು ಪೈ ಎಂದೇ ಆಗಬೇಕೆಂದೂ, ಆಗ ಉಳಿದಿರುವ ದೋಷಗಳೆಲ್ಲ ದೋಷಗಳಾಗಿರದೆ ವ್ಯವಸ್ಥೆಯ ಲಕ್ಷಣಗಳೇ ಆಗತಕ್ಕದ್ದೆಂದೂ, ಯಾರೂ ಅದನ್ನು ಮುಟ್ಟಬಾರದೆಂದೂ ಅವರು ಪ್ರಕಟಿಸಿದ್ದಾರೆ. ನೂರು ವರ್ಷಗಳ ಮೇಲೆ ಒಬ್ಬನು ಇಂದಿನ ಗ್ರಂಥವನ್ನು ಜೋಡಿಸಿದರೂ ಪ್ರತಿಯೊಂದು ಸಾಲೂ ಇಂದಿನ ನೆಲೆಯಲ್ಲಿಯೇ ಬೀಳಬೇಕೆಂಬುದು ಅವರ ಸಂಕಲ್ಪ. ಅದರ ಮೇಲಿನ ಪದರವಾದ ಲೇಟೆಕ್ ಮಾತ್ರ ಬೆಳೆಯುತ್ತಿದೆ. ನೆಲೆ ಸಿಕ್ಕದೆ ಕಾದಿರುವ ಚಿತ್ರಗಳನ್ನು 18ರ ತನಕ ಮಾತ್ರ ಅದು ನೆನಪಿಟ್ಟುಕೊಳ್ಳುತ್ತಿತ್ತು, ಅದಕ್ಕಿಂತ ಹೆಚ್ಚಾದರೆ ದೋಷವೆಂದು ಸಾರಿ ನಿಂತುಬಿಡುತ್ತಿತ್ತು. 2015ರಲ್ಲಿ ಆ ಮಿತಿಯನ್ನು 52ಕ್ಕೆ ಏರಿಸಿದರು. ಬೇಲೂರಿನ ತಲವಿನ್ಯಾಸದಂತಹ ಚಿತ್ರವೊಂದರ ಹಿಂದೆ ಈಗ ಐವತ್ತೊಂದು ಚಿತ್ರಗಳು ಕಾದು ನಿಲ್ಲಬಹುದು. ಆ ಒಂದು ಅಕ್ಷರವನ್ನು ಸೇರಿಸತಕ್ಕವನು ಈಗಲೂ ಲೇಖಕನೇ.